ಗಾಂಧಿ ಕ್ಲಾಸಿನಿಂದ: ರೀಲು ಕಟ್ಟಾದರೆ ಆಪರೇಟರನ್ನೇ ಬೈಯಬೇಡಿ!

ಈ ವಾರ ಯಾವ ತಾರೆಯ ಮದುವೆ ಸುದ್ದಿಯೂ ಇಲ್ಲ, ಯಾವ ನಿರ್ಮಾಪಕರ ಜಗಳವೂ ಇಲ್ಲ. ‘ಹಾಗಾದರೆ ದುಡ್ಡು ವಾಪಸ್!’ ಎಂದು ಮುಂದಿನ ಬೆಂಚಿನಿಂದ ಕೂಗಬೇಡಿ ಗೆಳೆಯರೇ, ಸ್ವಲ್ಪ ಕೂತು ಕೇಳಿ. ನಿಮ್ಮಲ್ಲಿ ಬಹಳಷ್ಟು ಜನ ಈಗ ಸಿನಿಮಾ ನೋಡುವುದೇ ಅಂಗೈಯಗಲದ ಪರದೆಯ ಮೇಲೆ, ಮನೆಯ ವೈಫೈ ಹಿಡಿದು. ಹೀರೋ ಕೈ ಎತ್ತಿರುತ್ತಾನೆ, ವಿಲನ್ ಕಪಾಳಕ್ಕೆ ಇನ್ನೇನು ಬಿತ್ತು ಅನ್ನುವಾಗ ಆ ಕೈ ಗಾಳಿಯಲ್ಲೇ ನಿಂತುಬಿಡುತ್ತದೆ. ಪರದೆಯ ನಡುವೆ ಒಂದು ಬಳೆ ಗಿರಗಿರ ತಿರುಗತೊಡಗುತ್ತದೆ. ಆಗ ನೀವೇನು ಮಾಡುತ್ತೀರಿ? ಕಂಪನಿಯವನ ವಂಶವನ್ನೆಲ್ಲ ನೆನೆಯುತ್ತೀರಿ, ಡಬ್ಬಿಯ ತಲೆಗೊಂದು ಮೊಟಕುತ್ತೀರಿ, ಸ್ವಿಚ್ ಆರಿಸಿ ಮತ್ತೆ ಹಾಕುತ್ತೀರಿ. ಹೌದೋ ಅಲ್ಲವೋ?

ಟೂರಿಂಗ್ ಟಾಕೀಸಿನ ಕಾಲದಲ್ಲಿ ನಮ್ಮ ಹಿರಿಯರೂ ಇದನ್ನೇ ಮಾಡಿದರು. ಚಿತ್ರ ನಿಂತ ಕೂಡಲೇ ಇಡೀ ಟೆಂಟು ಹಿಂದೆ ತಿರುಗಿ ‘ಲೇ ಆಪರೇಟರ್!’ ಎಂದು ಕೂಗುತ್ತಿತ್ತು. ಪಾಪ, ತಪ್ಪು ಎಲ್ಲ ಸಲವೂ ಅವನದ್ದಾಗಿರುತ್ತಿರಲಿಲ್ಲ. ಒಮ್ಮೆ ಕರೆಂಟು ಹೋಗಿರುತ್ತಿತ್ತು. ಒಮ್ಮೆ ಪ್ರೊಜೆಕ್ಟರಿನ ಕಾರ್ಬನ್ ಕಡ್ಡಿ ಉರಿದು ಮುಗಿದಿರುತ್ತಿತ್ತು. ಒಮ್ಮೆ ಸವೆದ ಪ್ರಿಂಟೇ ಹರಿದಿರುತ್ತಿತ್ತು. ಇನ್ನೊಮ್ಮೆ ಮುಂದಿನ ರೀಲು ಬೇರೆ ಟಾಕೀಸಿನಿಂದ ಸೈಕಲ್ ಮೇಲೆ ಇನ್ನೂ ಬರುತ್ತಲೇ ಇರುತ್ತಿತ್ತು! ನಾಲ್ಕು ರೋಗ, ನಾಲ್ಕು ಮದ್ದು. ಬರೀ ಕೂಗಿದರೆ ಒಂದೂ ವಾಸಿಯಾಗುತ್ತಿರಲಿಲ್ಲ. ವೈಫೈ ಕಥೆಯೂ ಅಷ್ಟೇ. ಈ ಪಾಠವನ್ನು ನಾನು ಕಲಿತದ್ದು ಕಲಬುರಗಿಯಲ್ಲಿ, ಅಕ್ಕನ ಮನೆಯಲ್ಲಿ. ಅದಕ್ಕೆ ಅಕ್ಕನ ಮಗ ತೆತ್ತ ಬೆಲೆ ಸಣ್ಣದಲ್ಲ.

ಬ್ರಹ್ಮಪುರದ ಕಲ್ಲಿನ ಮನೆ

ಈ ಸಲ ಶರಣಬಸವೇಶ್ವರ ಜಾತ್ರೆಗೆಂದು ಹೋಗಿದ್ದೆ. ರಥಕ್ಕೆ ಬಾಳೆಹಣ್ಣು ಎಸೆದು, ಬೆವರು ಒರೆಸಿಕೊಂಡು ಮನೆಗೆ ಬಂದರೆ ಹುಡುಗ ಮಾಳಿಗೆಯ ಕೋಣೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ. ಜಾತ್ರೆಗೂ ಬಂದಿರಲಿಲ್ಲ. ಡಿಪ್ಲೊಮಾ ಮುಗಿಸಿ ವರ್ಷವಾಯಿತು, ಕೆಲಸವಿಲ್ಲ. ಹಿಂದಿನ ವಾರ ಬೆಂಗಳೂರಿನ ಒಂದು ಕಂಪನಿ ವಿಡಿಯೋ ಮೇಲೆ ಇಂಟರ್‌ವ್ಯೂ ಕರೆದಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಶುರುವಾಯಿತು. ಮೂರನೆಯ ಪ್ರಶ್ನೆಗೆ ಬಾಯಿ ತೆರೆದಿದ್ದಾನೆ, ಪಟ್ಟಂತ ಎಲ್ಲ ನಿಂತಿದೆ! ಮತ್ತೆ ನೆಟ್ ಬರುವಷ್ಟರಲ್ಲಿ ಅವರು ಮುಂದಿನ ಹುಡುಗನನ್ನು ಕೂರಿಸಿಕೊಂಡಿದ್ದರು. ಇವನು ಎರಡು ಸಲ ಬರೆದು ಕೇಳಿದ. ಉತ್ತರ ಬರಲಿಲ್ಲ.

‘ಮಾಮಾ, ಉತ್ತರ ಗೊತ್ತಿತ್ತು. ಬಾಯಾಗೇ ಇತ್ತು. ನೆಟ್ ಹೋಯ್ತು’ ಅಂದ. ಅಷ್ಟೇ ಅಂದು ಗೋಡೆಯ ಕಡೆ ತಿರುಗಿದ.

ಇನ್ನೊಂದು ಕಂಪನಿಯ ಕರೆ ಐದೇ ದಿನಕ್ಕಿತ್ತು. ಭಾವ ಆಗಲೇ ಜೇಬಿಗೆ ಕೈ ಹಾಕಿದ್ದರು. ‘ಈಗ 50 ಎಂಬಿಪಿಎಸ್ ಅದ. ದುಡ್ಡು ಹೋದ್ರ ಹೋಗ್ಲಿ, 200ರದು ಹಾಕಸ್ತೀನಿ’ ಅಂದರು. ನಾನು ತಡೆದೆ. ಮುಖಾಮುಖಿ ವಿಡಿಯೋ ಮಾತಿಗೆ ಮೂರು ನಾಲ್ಕು ಎಂಬಿಪಿಎಸ್ ಒಂದೇ ಸಮನೆ ಬಂದರೆ ಸಾಕು. ಐವತ್ತು ಬರುತ್ತಿದ್ದೂ ನಿಲ್ಲುತ್ತಿದೆ ಎಂದರೆ ರೋಗ ಬೇರೆ ಕಡೆ ಇದೆ. ಕಾರ್ಬನ್ ಕಡ್ಡಿ ಮುಗಿದಿರುವಾಗ ಎರಡು ರೀಲು ಹೆಚ್ಚಿಗೆ ತರಿಸಿ ಏನು ಪ್ರಯೋಜನ ಸ್ವಾಮಿ?

ಪತ್ತೇದಾರಿ ಶುರು

ಮೊದಲು ಒಂದು ನೋಟ್‌ಬುಕ್ ತರಿಸಿದೆ. ಎರಡು ದಿನ ನೆಟ್ ನಿಂತಾಗಲೆಲ್ಲ ನಾಲ್ಕು ಸಂಗತಿ ಬರೆಯಬೇಕು: ಎಷ್ಟು ಗಂಟೆ? ಒಬ್ಬರದೇ ಹೋಯಿತೋ ಎಲ್ಲರದೂ ಹೋಯಿತೋ? ಡಬ್ಬಿಯ ದೀಪಗಳು ಹೇಗಿದ್ದವು? ಆ ಹೊತ್ತಿಗೆ ಮನೆಯಲ್ಲಿ ಏನು ನಡೆಯುತ್ತಿತ್ತು? ಹುಡುಗ ‘ಇದೇನ್ ಮಾಮಾ, ಸಿಐಡಿ 999 ಮಾಡ್ಲತ್ತೀರಿ’ ಎಂದು ನಕ್ಕ. ನಗಲಿ ಬಿಡಿ, ಒಂದು ವಾರದ ಮೇಲೆ ಮೊದಲ ಸಲ ನಕ್ಕಿದ್ದ.

ಎರಡು ದಿನಕ್ಕೆ ಹನ್ನೊಂದು ಸಲ ನಿಂತಿತ್ತು. ಆದರೆ ಪುಟ ತೆರೆದು ನೋಡಿದರೆ ರೋಗ ಒಂದಲ್ಲ, ಎರಡು! ಒಂಬತ್ತು ಸಲ ಡಬ್ಬಿಯ ದೀಪ ನೆಟ್ಟಗೆ ಉರಿಯುತ್ತಿತ್ತು, ಕೆಳಗೆ ಅಕ್ಕನ ಫೋನೂ ನಡೆಯುತ್ತಿತ್ತು, ಮಾಳಿಗೆಯ ಕೋಣೆಯಲ್ಲಿ ಮಾತ್ರ ಚಿತ್ರ ನಿಲ್ಲುತ್ತಿತ್ತು. ಇನ್ನೆರಡು ಸಲ ಮನೆಯವರೆಲ್ಲರದೂ ಒಟ್ಟಿಗೇ ಹೋಗಿ, ಎರಡು ಮೂರು ನಿಮಿಷದ ಮೇಲೆ ಒಟ್ಟಿಗೇ ಬಂದಿತ್ತು. ‘ಬಬ್ರುವಾಹನ’ದಲ್ಲಿ ಅಣ್ಣಾವ್ರು ಅರ್ಜುನನೂ ಹೌದು, ಬಬ್ರುವಾಹನನೂ ಹೌದು. ಮುಖ ಒಂದೇ, ಪಾತ್ರ ಎರಡು. ಹಾಗೆಯೇ ಇದು!

ಮುಂದಿನದು ತಂತಿ ಪರೀಕ್ಷೆ. ಇದನ್ನು ನೀವೂ ಮಾಡಿ. ಲ್ಯಾಪ್‌ಟಾಪನ್ನು ಡಬ್ಬಿಗೆ ಲ್ಯಾನ್ ತಂತಿಯಿಂದ ನೇರ ಜೋಡಿಸಿ. ತಂತಿಯಲ್ಲಿ ನೆಟ್ ಸರಿಯಾಗಿ ಬಂದು ಗಾಳಿಯಲ್ಲಿ ಮಾತ್ರ ನಿಂತರೆ ತಪ್ಪು ಮನೆಯೊಳಗೇ ಇದೆ. ಕಂಪನಿಯವನಿಗೆ ಬೈದು ಫಲವಿಲ್ಲ. ತಂತಿಯಲ್ಲೂ ನಿಂತರೆ ಹೊರಗಿನ ಲೈನನ್ನು, ಡಬ್ಬಿಯನ್ನು ಅನುಮಾನಿಸಿ. ಫೈಬರ್ ಡಬ್ಬಿಯಲ್ಲಿ ‘ಲಾಸ್’ ಎಂಬ ದೀಪ ಕೆಂಪಗೆ ಮಿಣುಕಿದರಂತೂ ಬೇರೆ ಪರೀಕ್ಷೆಯೇ ಬೇಡ. ಬೆಳಕು ಬರುವ ಎಳೆ ಎಲ್ಲೋ ಮುರಿದಿದೆ, ಇಲ್ಲವೇ ಬಲವಾಗಿ ಮಡಚಿದೆ. ಅದು ಲೈನ್‌ಮನ್ನಿನ ಕೆಲಸ. ನಮ್ಮ ಮನೆಯಲ್ಲಿ ತಂತಿ ಹಾಕಿ ಅರ್ಧ ಗಂಟೆ ನೋಡಿದೆವು. ಒಂದು ಸಲವೂ ನಿಲ್ಲಲಿಲ್ಲ.

ಹಾಗಾದರೆ ಮೊದಲ ವಿಲನ್ ಯಾರು? ಗೋಡೆ!

ಕಲಬುರಗಿಯ ಹಳೆಯ ಮನೆ ನೋಡಿದವರಿಗೆ ಹೇಳಬೇಕಿಲ್ಲ. ಎರಡಡಿ ದಪ್ಪದ ಕಲ್ಲಿನ ಗೋಡೆ, ಮೇಲೂ ಕೆಳಗೂ ಶಹಾಬಾದ್ ಕಲ್ಲು. ಏಪ್ರಿಲ್ ಬಿಸಿಲು ತಡೆಯಲು ಹೇಳಿ ಮಾಡಿಸಿದ್ದು. ಬಿಸಿಲು ತಡೆಯುವ ಗೋಡೆ ಅಲೆಯನ್ನು ಬಿಟ್ಟೀತೇ? ಸಾಲದ್ದಕ್ಕೆ ಆ ಡಬ್ಬಿಯನ್ನು ಕೂರಿಸಿದ್ದು ಪಡಸಾಲೆಯ ಗೋಡೆಯ ಗೂಡಿನಲ್ಲಿ. ಮೂರು ಕಡೆ ಕಲ್ಲು, ಮುಂದೆ ಹಿತ್ತಾಳೆಯ ಕೊಡ, ಪಕ್ಕದಲ್ಲಿ ಕಬ್ಬಿಣದ ಅಲ್ಮಾರಿ! ಹೀರೋನನ್ನು ನೆಲಮಾಳಿಗೆಯಲ್ಲಿ ಕಟ್ಟಿಹಾಕಿ ಡ್ಯುಯೆಟ್ ಹಾಡು ಅಂದಂತಾಯಿತು. ಲೋಹ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಕುಡಿದುಬಿಡುತ್ತದೆ, ದಪ್ಪ ಕಲ್ಲು ಸುಸ್ತು ಮಾಡುತ್ತದೆ.

ಫೋನಿನಲ್ಲಿ ವೈಫೈ ಅಳೆಯುವ ಉಚಿತ ಆ್ಯಪ್‌ಗಳಿವೆ. ಅವು ಡಿಬಿಎಂ ಎಂಬ ಲೆಕ್ಕ ತೋರಿಸುತ್ತವೆ, ಅಂಕಿಯ ಮುಂದೆ ಮೈನಸ್ ಇರುತ್ತದೆ. ಮೈನಸ್ 50 ಅಂದರೆ ಭೇಷ್. ಮೈನಸ್ 67ರವರೆಗೆ ವಿಡಿಯೋಗೆ ಅಡ್ಡಿಯಿಲ್ಲ. 75 ದಾಟಿದರೆ ತೊದಲುತ್ತದೆ, 80 ದಾಟಿದರೆ ದೇವರೇ ಗತಿ. ಮೂರು ಅಂಕಿ ಇಳಿದರೆ ಬಲ ಅರ್ಧಕ್ಕೆ ಇಳಿಯಿತೆಂದು ತಿಳಿಯಿರಿ. ಡಬ್ಬಿಯ ಮುಂದೆ ಮೈನಸ್ 38 ಇದ್ದದ್ದು ಹುಡುಗನ ಮೇಜಿನ ಮೇಲೆ ಮೈನಸ್ 81!

ಫೈಬರ್ ಎಳೆಯನ್ನು ಮಡಚದಂತೆ ಜೋಪಾನವಾಗಿ ಬಿಡಿಸಿ, ಡಬ್ಬಿಯನ್ನು ಗೂಡಿನಿಂದ ತೆಗೆದು ಹೊರಟೆ. ಹುಡುಗ ಮೇಲಿನಿಂದ ಅಂಕಿ ಕೂಗುವುದು, ನಾನು ಕೆಳಗೆ ಡಬ್ಬಿ ಸರಿಸುವುದು. ‘ಎಪ್ಪತ್ತೆಂಟು... ಎಪ್ಪತ್ತಾರು... ಹಾಂ ಅಲ್ಲೇ ಇರ್ಲಿ ಮಾಮಾ!’ ಭಾವ ನಗುತ್ತಾ ನಿಂತರು. ಹಿಂದೆ ಮಾಳಿಗೆ ಹತ್ತಿ ಟೀವಿ ಆಂಟೆನಾ ತಿರುಗಿಸಿ ‘ಬಂತೇನೋ?’ ಎಂದು ಕೂಗಿದವರಿಗೆ ಈ ಆಟ ಹೊಸದಲ್ಲ.

ಹೊಸದಲ್ಲ ಅಂದೆನಲ್ಲ, ಇನ್ನೊಂದು ಮಾತು ಹೇಳಿಬಿಡುತ್ತೇನೆ. ಗಾಳಿಯಲ್ಲಿ ಚಿತ್ರ ಹಿಡಿಯುವುದರಲ್ಲಿ ಈ ಸೀಮೆ ದೇಶಕ್ಕೇ ಮುಂದಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಕಾರ್ಯಕ್ರಮ ನೇರವಾಗಿ ಇಳಿಯಿತು. ನಮ್ಮ ರಾಜ್ಯದಲ್ಲಿ ಆರಿಸಿದ್ದು ಬೆಂಗಳೂರನ್ನಲ್ಲ, ಅಂದಿನ ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು! ಕೋಳಿಗೂಡಿಗೆ ಹಾಕುವ ತಂತಿಬಲೆಯ ಹತ್ತಡಿ ತಟ್ಟೆ, ಅದರ ಮುಂದೆ ಇಡೀ ಊರು. ಆ ತಟ್ಟೆಯನ್ನು ಯಾರೂ ಗೂಡಿನಲ್ಲಿ ಬಚ್ಚಿಡಲಿಲ್ಲ ನೋಡಿ. ಬಯಲಲ್ಲಿ ಆಕಾಶ ನೋಡುತ್ತಾ ನಿಲ್ಲಿಸಿದರು.

ನಮ್ಮ ಡಬ್ಬಿ ಕೊನೆಗೆ ನಿಂತದ್ದು ಮಾಳಿಗೆ ಮೆಟ್ಟಿಲ ಬಾಯಿಯ ಹತ್ತಿರ, ಎತ್ತರದ ಹಲಗೆಯ ಮೇಲೆ. ಅಲೆ ಗೋಡೆ ಕೊರೆಯದೆ ಮೆಟ್ಟಿಲು ಹತ್ತಿಯೇ ಮೇಲೆ ಹೋಗಲಿ ಎಂದು. ಹುಡುಗನ ಮೇಜಿನ ಮೇಲೆ ಮೈನಸ್ 64! ಹದಿನೇಳು ಅಂಕಿಯ ಲಾಭ ಅಂದರೆ ಐವತ್ತು ಪಟ್ಟು ಬಲ. ಖರ್ಚು ಎಷ್ಟು? ಎರಡು ಮೊಳೆ, ಒಂದು ಹಲಗೆ.

ಗಾಂಧಿ ಕ್ಲಾಸು, ಬಾಲ್ಕನಿ

ಈಗಿನ ಡಬ್ಬಿಗಳು ಸಾಮಾನ್ಯವಾಗಿ ಎರಡು ಪಟ್ಟಿಯಲ್ಲಿ ಅಲೆ ಬಿಡುತ್ತವೆ. 2.4 ಗಿಗಾಹರ್ಟ್ಸ್ ಎಂಬುದು ನಮ್ಮ ಗಾಂಧಿ ಕ್ಲಾಸು. ದೂರದವರೆಗೂ ಕೇಳಿಸುತ್ತದೆ, ಗೋಡೆಯನ್ನೂ ಒಂದಿಷ್ಟು ದಾಟುತ್ತದೆ, ಆದರೆ ವಿಪರೀತ ನೂಕುನುಗ್ಗಲು. ಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲರೂ ಅದೇ ಬೆಂಚಿನ ಮೇಲೆ! ಅಲ್ಲಿ ಒಬ್ಬರನ್ನೊಬ್ಬರು ತಾಗದೆ ಕೂರಲು ಇರುವ ಜಾಗ ಮೂರೇ: ಚಾನೆಲ್ 1, 6 ಮತ್ತು 11. ಆ್ಯಪ್‌ನಲ್ಲಿ ನೋಡಿ, ನೆರೆಯವರು ಕಡಿಮೆ ಇರುವ ಚಾನೆಲ್ಲನ್ನು ಡಬ್ಬಿಯ ಸೆಟ್ಟಿಂಗಿನಲ್ಲಿ ಆರಿಸಿಕೊಳ್ಳಿ. 5 ಗಿಗಾಹರ್ಟ್ಸ್ ಬಾಲ್ಕನಿ. ವೇಗ ಹೆಚ್ಚು, ಗದ್ದಲ ಕಡಿಮೆ, ಆದರೆ ಕಲ್ಲಿನ ಗೋಡೆ ಎದುರಾದರೆ ಬಾಲ್ಕನಿಯ ಸಾಹೇಬರು ಅಲ್ಲೇ ಕುಸಿಯುತ್ತಾರೆ. ಎರಡಕ್ಕೂ ಒಂದೇ ಹೆಸರಿದ್ದರೆ ಫೋನು ಇಲ್ಲಿಂದಲ್ಲಿಗೆ ಹಾರುತ್ತಾ ನಡುವೆ ಕೈಬಿಡುವುದುಂಟು. ಪರೀಕ್ಷೆಗಾದರೂ ಎರಡಕ್ಕೆ ಎರಡು ಹೆಸರು ಕೊಟ್ಟು, ಯಾವ ಕೋಣೆಗೆ ಯಾವುದು ಒಗ್ಗುತ್ತದೆ ನೋಡಿ.

ಅಲೆಯ ನೂಕುನುಗ್ಗಲಿನ ಮಾತು ಬಂದಾಗ ಒಬ್ಬ ನಟಿಯನ್ನು ನೆನೆಯದಿದ್ದರೆ ಸಿನಿಮಾ ಪತ್ರಿಕೆಗೇ ಅವಮಾನ. ಹೆಡಿ ಲಮಾರ್! 1914ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಹಾಲಿವುಡ್ಡಿನಲ್ಲಿ ಸುಂದರಿ ಎಂದೇ ಮೆರೆದವಳು, 1949ರ ‘ಸ್ಯಾಮ್ಸನ್ ಆ್ಯಂಡ್ ಡೆಲೀಲಾ’ದ ಡೆಲೀಲಾ. ಯುದ್ಧಕಾಲದಲ್ಲಿ ಈಕೆ ಸಂಗೀತಗಾರ ಜಾರ್ಜ್ ಆಂಥೈಲ್ ಜೊತೆ ಸೇರಿ ಒಂದು ಉಪಾಯ ಹುಡುಕಿದಳು. ಟಾರ್ಪಿಡೋಗೆ ಕಳಿಸುವ ರೇಡಿಯೋ ಸಂಕೇತ ಒಂದೇ ಆವರ್ತನದಲ್ಲಿ ಕೂರದೆ ಜಿಗಿಯುತ್ತಾ ಹೋದರೆ ಶತ್ರು ಅದನ್ನು ಕೆಡಿಸಲಾರ ಎಂದು. 1942ರ ಆಗಸ್ಟ್ 11ರಂದು ಅಮೆರಿಕದಲ್ಲಿ ಪೇಟೆಂಟೂ ಸಿಕ್ಕಿತು. ಆ ಜಿಗಿತದ ತತ್ವ ಇವತ್ತಿಗೂ ಬ್ಲೂಟೂತಿನಲ್ಲಿದೆ. ವೈಫೈಯನ್ನೇ ಆಕೆ ಕಂಡುಹಿಡಿದಳು ಎಂದು ಕೆಲವರು ಬರೆಯುತ್ತಾರೆ, ಅದು ಅತಿಯಾಯಿತು. ಆದರೆ ಗದ್ದಲದ ನಡುವೆ ಮಾತು ಕೆಡದಂತೆ ಕಳಿಸುವ ದಾರಿಯನ್ನು ಮೊದಲು ಯೋಚಿಸಿದವರಲ್ಲಿ ಆಕೆ ಒಬ್ಬಳು ಎಂಬುದು ಸುಳ್ಳಲ್ಲ. ಅಮೆರಿಕದ ಆವಿಷ್ಕಾರಕರ ಗೌರವಪಟ್ಟಿಗೆ ಆಕೆಯ ಹೆಸರು ಸೇರಿದ್ದು 2014ರಲ್ಲಿ, ಸತ್ತು ಹದಿನಾಲ್ಕು ವರ್ಷದ ಮೇಲೆ. ತಾರೆಯರ ಮುಖ ನೋಡಿ ಸಿಳ್ಳೆ ಹೊಡೆಯುವವರು ಆಕೆಯ ತಲೆಗೂ ಒಂದು ಸಿಳ್ಳೆ ಹೊಡೆಯಿರಿ!

ಕ್ಲೈಮ್ಯಾಕ್ಸ್

ಒಂದು ರೋಗ ವಾಸಿಯಾಯಿತು. ಆದರೆ ಇಂಟರ್‌ವ್ಯೂ ಕೆಡಿಸಿದ್ದು ಅದಲ್ಲ. ಅವತ್ತು ಎಲ್ಲ ಫೋನೂ ಒಟ್ಟಿಗೇ ಸತ್ತಿದ್ದವು ಎಂದು ಹುಡುಗ ಮೊದಲೇ ಹೇಳಿದ್ದ. ಅಂದರೆ ಎರಡನೆಯ ವಿಲನ್. ನೋಟ್‌ಬುಕ್ಕಿನಲ್ಲಿ ಆ ಎರಡು ಸಲದ ಮುಂದೆ ಹುಡುಗನ ಕೈಬರಹ ಹೀಗಿತ್ತು: ‘ದೀಪ ಎಲ್ಲಾ ಆರಿ ಮತ್ತೆ ಹತ್ತಿದವು. ಅವ್ವ ನೀರು ಏರಿಸುತ್ತಿದ್ದಳು.’ ಎರಡೂ ಸಲ ಅದೇ!

ಬೋರಿನ ಮೋಟರ್ ಹಾಕಲು ಹೇಳಿ ನಾವು ಡಬ್ಬಿಯ ಮುಂದೆ ನಿಂತೆವು. ಮೋಟರ್ ಗುಂಯ್ ಅಂದದ್ದೇ ತಡ, ಟ್ಯೂಬ್‌ಲೈಟು ಒಂದು ಕ್ಷಣ ಮಂಕಾಯಿತು, ಡಬ್ಬಿಯ ದೀಪಗಳು ಪಕ್ ಎಂದು ಆರಿದವು. ಮೋಟರ್ ಎದ್ದೇಳುವಾಗ ಒಮ್ಮೆಲೇ ಕರೆಂಟು ಎಳೆಯುತ್ತದೆ, ಮನೆಯ ವೋಲ್ಟೇಜು ಕ್ಷಣಕಾಲ ಕುಸಿಯುತ್ತದೆ. ಗಟ್ಟಿ ಅಡಾಪ್ಟರಾದರೆ ತಡೆದುಕೊಳ್ಳುತ್ತದೆ. ಇಲ್ಲಿದ್ದದ್ದು ಹಳೆಯದು, ಮೇಲಾಗಿ ಪಿನ್ನು ಸಡಿಲ. ಡಬ್ಬಿ ಸತ್ತು ಹುಟ್ಟಿ ಲೈನ್ ಹಿಡಿಯುವುದಕ್ಕೆ ಎರಡು ಮೂರು ನಿಮಿಷ. ಅಷ್ಟರಲ್ಲಿ ಒಂದು ಕೆಲಸ ಕೈತಪ್ಪಿತ್ತು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ‘ಯವ್ವಾ... ಅವತ್ತ್ ಹನ್ನೊಂದಕ್ಕ ಮೋಟರ್ ಚಾಲೂ ಮಾಡ್ದಾಕಿ ನಾನೇ ಅಲ್ಲೇನೋ’ ಅಂದಳು. ಯಾರೂ ಮಾತಾಡಲಿಲ್ಲ. ಹುಡುಗ ಹೋಗಿ ಅವಳ ಕೈಯಲ್ಲಿದ್ದ ಕೊಡ ಇಳಿಸಿದ. ‘ಅವ್ವಾ, ನೀರ್ ಏರ್ಸೋದು ತಪ್ಪಲ್ಲ. ಈ ಅಡಾಪ್ಟರ್ ತಪ್ಪು’ ಅಂದ. ಒಂದು ವಾರ ಮನೆಯವರ ಜೊತೆ ಮಾತು ಬಿಟ್ಟಿದ್ದವನು!

ಮದ್ದು ಸುಲಭ. ಅಡಾಪ್ಟರ್ ಬದಲಿಸಿದೆವು, ಜೊತೆಗೆ ಡಬ್ಬಿಗೆಂದೇ ಬರುವ ಸಣ್ಣ ಬ್ಯಾಟರಿ ಯುಪಿಎಸ್ ತಂದೆವು. ಇಲ್ಲಿ ಒಂದು ಎಚ್ಚರಿಕೆ. ಹಳೆಯ ಅಡಾಪ್ಟರಿನ ಮೇಲೆ ಬರೆದ ವೋಲ್ಟು, ಉದಾಹರಣೆಗೆ 12, ಹೊಸದರಲ್ಲೂ ಅಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಇರಲಿ, ಇಲ್ಲವೇ ಹೆಚ್ಚಿರಲಿ, ಕಡಿಮೆ ಬೇಡ. ಆಮೇಲೆ ಮೋಟರ್ ಹಾಕಿಸಿದರೆ ಟ್ಯೂಬ್‌ಲೈಟು ಮಂಕಾಯಿತು, ಡಬ್ಬಿ ಕದಲಲಿಲ್ಲ.

ಬಿಸಿಲಿನ ಮಾತೂ ಇಲ್ಲೇ ಹೇಳಬೇಕು. ಮನೆಗಳಿಗೆ ಕೊಡುವ ಡಬ್ಬಿಗಳಲ್ಲಿ ಹೆಚ್ಚಿನವು 40 ಡಿಗ್ರಿಯವರೆಗಿನ ಕೋಣೆಗೆಂದು ಮಾಡಿದವು. ಕಲಬುರಗಿಯ ಏಪ್ರಿಲ್, ಮೇ ತಿಂಗಳು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಡಬ್ಬಿಯನ್ನು ಇನ್ವರ್ಟರ್ ಮೇಲೆ, ಸೆಟ್‌ಟಾಪ್ ಬಾಕ್ಸ್ ಮೇಲೆ, ಪಶ್ಚಿಮದ ಕಿಟಕಿಯಲ್ಲಿ ಇಡಬೇಡಿ. ಅದರ ಮೇಲೆ ಕಸೂತಿ ಬಟ್ಟೆ ಹೊದಿಸಬೇಡಿ. ಮಧ್ಯಾಹ್ನವೇ ಹೆಚ್ಚು ನಿಲ್ಲುತ್ತದೆ, ಮುಟ್ಟಿದರೆ ಕೈ ಸುಡುತ್ತದೆ ಅಂದರೆ ಗಾಳಿ ಕೊಡಿ.

ಕಮಲಾಪುರದ ಬೇವಿನ ಮರ

ಕಮಲಾಪುರದಲ್ಲಿ ಕೆಂಬಾಳೆ ಬೆಳೆಯುವ ಗೆಳೆಯನೊಬ್ಬನಿದ್ದಾನೆ. ಅವನದು ಬೇರೆ ಕಥೆ. ತೋಟದ ಮನೆಗೆ ಫೈಬರ್ ಇಲ್ಲ. ಮಾಳಿಗೆಯ ಪೈಪಿಗೆ ಕಟ್ಟಿದ ಸಣ್ಣ ತಟ್ಟೆಯೊಂದು ದೂರದ ಗೋಪುರವನ್ನು ನೋಡುತ್ತಾ ನೆಟ್ ಹಿಡಿಯುತ್ತದೆ. ಬೇಸಿಗೆಯೆಲ್ಲ ಚೆನ್ನಾಗಿತ್ತು, ಶ್ರಾವಣಕ್ಕೆ ಕೈಕೊಟ್ಟಿತು. ಮಳೆ ನಿಂತ ಮೇಲೂ ಸರಿಹೋಗಲಿಲ್ಲ. ಮೂರು ಸಲ ದೂರು ಕೊಟ್ಟ ಮೇಲೆ ಬಂದ ಹುಡುಗ ಮಾಳಿಗೆ ಹತ್ತಿ ಗೋಪುರದ ಕಡೆ ಬೆರಳು ತೋರಿಸಿದ. ನಡುವೆ ಒಂದು ಬೇವಿನ ಮರ! ತಟ್ಟೆ ಕಟ್ಟಿದಾಗ ಗಿಡವಾಗಿತ್ತು. ಈಗ ತಲೆ ಎತ್ತಿ, ಎಲೆ ತುಂಬಿ, ಎಲೆಯಲ್ಲಿ ನೀರು ತುಂಬಿ ಅಲೆಯನ್ನೆಲ್ಲ ಹೀರುತ್ತಿತ್ತು. ಇಂಥ ತಟ್ಟೆಗೆ ಗೋಪುರ ಕಣ್ಣಿಗೆ ಕಾಣಬೇಕು, ಆಚೀಚೆ ಒಂದಿಷ್ಟು ಬಯಲೂ ಇರಬೇಕು. ಗೆಳೆಯ ಮರ ಕಡಿಯಲಿಲ್ಲ, ಅವನ ಅಪ್ಪ ನೆಟ್ಟದ್ದು. ಪೈಪನ್ನೇ ಆರಡಿ ಎತ್ತರಿಸಿದ. ವರ್ಷಕ್ಕೊಮ್ಮೆ ಮರ ಎಷ್ಟು ಬೆಳೆದಿದೆ ಎಂದು ನೋಡುತ್ತಾನೆ.

ತಪ್ಪು ಹೊರಗಿನ ಲೈನಿನದೇ ಎಂದು ತಂತಿ ಪರೀಕ್ಷೆಯಲ್ಲಿ ತಿಳಿದರೆ, ಆಗ ಜೋರು ಮಾಡಿ. ಆದರೆ ಬಾಯಿಂದಲ್ಲ, ಕಾಗದದಿಂದ. ದೂರು ಕೊಟ್ಟಾಗ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ನೋಟ್‌ಬುಕ್ಕಿನ ಪುಟ ತೋರಿಸಿ. ಬಗೆಹರಿಯದಿದ್ದರೆ ಟ್ರಾಯ್‌ನ 2012ರ ನಿಯಮದಂತೆ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು. ‘ನೆಟ್ ಸರಿಯಿಲ್ಲ’ ಎನ್ನುವವನನ್ನು ನಾಳೆ ಬಾ ಅನ್ನುತ್ತಾರೆ. ‘ಮೂರು ದಿನದಲ್ಲಿ ಏಳು ಸಲ, ಈ ಈ ಗಂಟೆಗೆ ಕೆಂಪು ದೀಪ’ ಎನ್ನುವವನಿಗೆ ಕುರ್ಚಿ ಕೊಡುತ್ತಾರೆ.

ಐದನೆಯ ದಿನ ಬಂತು. ಹುಡುಗ ವೈಫೈಯನ್ನೂ ನಂಬಲಿಲ್ಲ. ಡಬ್ಬಿಯಿಂದ ಮೆಟ್ಟಿಲ ಗುಂಟ ಲ್ಯಾನ್ ತಂತಿ ಎಳೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಫೋನಿನ ಹಾಟ್‌ಸ್ಪಾಟ್ ಪಕ್ಕದಲ್ಲಿ ತಯಾರಿಟ್ಟ. ಅಕ್ಕ ಮೋಟರಿನ ಸ್ವಿಚ್ಚಿಗೆ ಒಂದು ಚೀಟಿ ಅಂಟಿಸಿ, ಅದೂ ಸಾಲದೆಂದು ಸ್ವಿಚ್ಚಿನ ಮುಂದೆಯೇ ತೊಗರಿಬೇಳೆ ಆರಿಸುತ್ತಾ ಕಾವಲು ಕೂತಳು. ನಲವತ್ತು ನಿಮಿಷ. ಮೇಲಿನಿಂದ ಅವನ ದನಿ ಮಾತ್ರ ಕೇಳುತ್ತಿತ್ತು, ಒಂದು ಸಲವೂ ಕಡಿಯಲಿಲ್ಲ.

ಕೆಳಗಿಳಿದು ಬಂದವನನ್ನು ಯಾರೂ ಏನೂ ಕೇಳಲಿಲ್ಲ. ಅವನೇ ಹೇಳಿದ: ‘ಸಿಗ್ತದೋ ಇಲ್ಲೋ ಗೊತ್ತಿಲ್ಲ ಮಾಮಾ. ಆದ್ರ ಈ ಸಲ ಕೇಳಿದ್ದಕ್ಕೆಲ್ಲ ಪೂರಾ ಉತ್ತರ ಹೇಳಿ ಎದ್ದೀನಿ.’

ಈ ಅಂಕಣ ಬರೆಯುವ ಹೊತ್ತಿಗೆ ಆ ಕಂಪನಿಯಿಂದ ಇನ್ನೂ ಪತ್ರ ಬಂದಿಲ್ಲ. ಕಾಯುತ್ತಿದ್ದಾನೆ. ನೀವೂ ಒಂದು ಮಾತು ಹಾರೈಸಿ. ಮತ್ತೆ ಇವತ್ತು ರಾತ್ರಿ ನಿಮ್ಮ ಹೀರೋನ ಕೈ ಗಾಳಿಯಲ್ಲಿ ನಿಂತರೆ ಡಬ್ಬಿಗೆ ಮೊಟಕುವ ಮೊದಲು ಅದರ ದೀಪ ನೋಡಿ, ಗಡಿಯಾರ ನೋಡಿ, ಒಂದು ಸಾಲು ಬರೆದಿಡಿ.

ಮುಂದಿನ ವಾರ ತಾರೆಯರ ಸುದ್ದಿ ಗ್ಯಾರಂಟಿ. ಅಲ್ಲಿಯವರೆಗೆ ಸಿಳ್ಳೆ ಉಳಿಸಿಟ್ಟುಕೊಳ್ಳಿ!